ತಾಳಿ ದುಡಿದ ವಿಲಿಯಂ ಕ್ಯಾರಿ

ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆಲ್ಲ ಗೊತ್ತು. ಆದರೂ ಪ್ರಾರ್ಥನೆಗೆ ಕೂಡಲೆ ಉತ್ತರ ಸಿಗದಿದ್ದರೆ ದೇವರು ನಮ್ಮನ್ನು ಮರೆತನೆಂದು ಮರುಗುತ್ತೇವೆ. ತಾಳ್ಮೆಯೆಂದರೆ ಕೈಕಟ್ಟಿ ಕುಳಿತಿರುವುದಲ್ಲ. ದೇವರ ವೇಳೆ ಬರುವ ತನಕ ನಮ್ಮ ಪಾಲಿನ ಕೆಲಸವನ್ನು ಬಿಡದೆ ಮಾಡುವುದು. ಇದಕ್ಕೆ ವಿಲಿಯಂ ಕ್ಯಾರಿಯವರ ಬಾಳು ಒಂದು ನಿದರ್ಶನ. ದೂರದ ಬಂಗಾಳದಲ್ಲಿ ದುಡಿದ ಈ ಮಿಶನರಿಗೆ ನಮ್ಮ ಕನ್ನಡದೊಂದಿಗೂ ನಂಟಿತ್ತು.

ಕ್ಯಾರಿಯವರು 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ನೇಯ್ಗೆಯ ಕಸುಬಿನವರು. ಮುಂದೆ ಊರಿನ ಶಾಲೆಯ ಉಪಾಧ್ಯಾಯರಾದರು. ಮಗ ಕಲಿತದ್ದು ಪಾದರಕ್ಷೆ ಹೊಲಿಯುವ ಕೆಲಸ. ಆ ಕೆಲಸದ ನಡುವೆಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಸ್ವಂತ ಪ್ರಯತ್ನದಿಂದ ಕಲಿತರು. ಬ್ಯಾಪ್ಟಿಸ್ಟ್ ಸಭೆಯ ಪಾಲಕರಾದ ಬಳಿಕ, ಅನ್ಯದೇಶಗಳಿಗೆ ಸುವಾರ್ತೆಯನ್ನು ಒಯ್ಯುವುದು ಸಭೆಯ ಕರ್ತವ್ಯವೆಂದು ವಾದಿಸಿ 1792ರಲ್ಲಿ ಒಂದು ಪುಸ್ತಿಕೆ ಬರೆದರು. ಅದೇ ವರ್ಷ ಬ್ಯಾಪ್ಟಿಸ್ಟ್ ಮಿಶನರಿ ಸಂಘ ಹುಟ್ಟಿತು.

1793ರಲ್ಲಿ ಹೊರಡುವಾಗಲೇ ವಿಘ್ನ ಬಂತು. ಗರ್ಭಿಣಿಯಾಗಿದ್ದ ಪತ್ನಿ ಡೊರೊಥಿ ಜತೆಗೆ ಬರಲು ಒಪ್ಪಲಿಲ್ಲ. ಹಿರಿಯ ಮಗ ಫೀಲಿಕ್ಸ್‌ನನ್ನು ಕರೆದುಕೊಂಡು ಹಡಗು ಹತ್ತಿದರೆ, ಈಸ್ಟ್ ಇಂಡಿಯಾ ಕಂಪೆನಿಯ ಪರವಾನಿಗೆ ಇಲ್ಲವೆಂಬ ಕಾರಣಕ್ಕೆ ಇಳಿಯಬೇಕಾಯಿತು. ಆದರೆ ಆ ವಿಳಂಬದಿಂದಲೇ ಕುಟುಂಬ ಒಂದಾಯಿತು. ಅಷ್ಟರಲ್ಲಿ ಹೆರಿಗೆಯಾಗಿದ್ದ ಡೊರೊಥಿ ತಂಗಿಯನ್ನು ಜತೆಗೂಡಿಸಿಕೊಂಡು ಹೊರಡಲು ಒಪ್ಪಿದರು. ಡೇನಿಷ್ ಹಡಗೊಂದರಲ್ಲಿ ಎಲ್ಲರೂ ಆ ನವೆಂಬರದಲ್ಲಿ ಬಂಗಾಳ ತಲಪಿದರು.

ಕೈಯಲ್ಲಿದ್ದ ಹಣ ಬೇಗನೆ ಮುಗಿಯಿತು. ಹೊಟ್ಟೆಪಾಡಿಗಾಗಿ ಕ್ಯಾರಿಯವರು 1794ರಲ್ಲಿ ಮದ್ನಾಬತಿ ಎಂಬಲ್ಲಿ ನೀಲಿ ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಕರಾದರು. ಅದೇ ವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊಥಿಯವರ ಮನಸ್ಸು ಆಮೇಲೆ ಸ್ತಿಮಿತಕ್ಕೆ ಬರಲಿಲ್ಲ. 1807ರಲ್ಲಿ ಸಾಯುವ ತನಕ ಅವರು ಬುದ್ಧಿಭ್ರಮಣೆಯಲ್ಲೇ ನರಳಿದರು. ಇದನ್ನೂ ದೇವರ ಯೋಜನೆಯೆಂದು ಸುಲಭವಾಗಿ ಹೇಳಿ ಮುಗಿಸುವ ಅಧಿಕಾರ ನಮಗಿಲ್ಲ. ಪತಿ ಆರಿಸಿಕೊಂಡ ದಾರಿಯ ಭಾರವನ್ನು ಆಕೆ ಹೊತ್ತರು. ನಮ್ಮ ಕಷ್ಟಕ್ಕೆ ನಾವು ತಾಳ್ಮೆ ತಂದುಕೊಳ್ಳಬಹುದು. ಇತರರ ಕಷ್ಟಕ್ಕೆ ತಾಳ್ಮೆಯ ಉಪದೇಶಕ್ಕಿಂತ ಕನಿಕರವೇ ಲೇಸು.

ಏಳು ವರ್ಷ ಬೋಧಿಸಿದರೂ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನ ಹೊಂದಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಸೋಲು. ಆದರೆ ಆ ಏಳು ವರ್ಷಗಳಲ್ಲಿ ಕ್ಯಾರಿಯವರು ಬಂಗಾಳಿಯನ್ನು ಕಲಿತು ಹೊಸ ಒಡಂಬಡಿಕೆಯನ್ನು ಅನುವಾದಿಸುತ್ತಿದ್ದರು. 1800ರ ಜನವರಿಯಲ್ಲಿ ಡೇನರ ಅಧೀನದಲ್ಲಿದ್ದ ಶ್ರೀರಾಂಪುರಕ್ಕೆ ಬಂದು ಮಾರ್ಷ್‌ಮನ್, ವಾರ್ಡ್ ಎಂಬ ಸಂಗಡಿಗರೊಂದಿಗೆ ಅಚ್ಚುಕೂಟವನ್ನು ನಡೆಸತೊಡಗಿದರು. ಅದೇ ವರ್ಷ ಕೃಷ್ಣಪಾಲ ಎಂಬ ಬಡಗಿಯ ತೋಳಿನ ಕೀಲು ತಪ್ಪಿತು. ಕ್ಯಾರಿಯವರ ಸಂಗಡಿಗರಾದ ಡಾಕ್ಟರ್ ಜಾನ್ ಥಾಮಸ್ ಅದನ್ನು ಸರಿಪಡಿಸಿದರು. ಈ ಪರಿಚಯ ಬೆಳೆದು, ಡಿಸೆಂಬರ್ 28ರಂದು ಕೃಷ್ಣಪಾಲ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಮರುವರ್ಷ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂತು. ಕಾಯುವ ಕಾಲವನ್ನು ನಿರಾಶೆಯಲ್ಲಿ ಕಳೆದಿದ್ದರೆ ಆ ಗ್ರಂಥ ಎಲ್ಲಿಂದ ಬರುತ್ತಿತ್ತು?

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ 1812ರ ಮಾರ್ಚ್ 11ರ ಸಂಜೆ ಎದುರಾಯಿತು. ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಹಲವು ಭಾಷೆಗಳ ಅಚ್ಚಿನ ಮೊಳೆಗಳು ಕರಗಿ ಸೀಸದ ಮುದ್ದೆಯಾದವು. ಕಾಗದದ ದಾಸ್ತಾನು ಸುಟ್ಟಿತು. ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಅವುಗಳಲ್ಲಿ ತೆಲುಗು ವ್ಯಾಕರಣವಿತ್ತು, ಸಂಸ್ಕೃತ ಮೊದಲಾದ ಭಾಷೆಗಳ ದೊಡ್ಡ ನಿಘಂಟು ಇತ್ತು. ಕನ್ನಡದ ಹೊಸ ಒಡಂಬಡಿಕೆಯೂ ಇತ್ತು! ಆ ದಿನ ಕ್ಯಾರಿಯವರು ಕಲಕತ್ತೆಯಲ್ಲಿದ್ದರು; ಮರುದಿನ ಮಾರ್ಷ್‌ಮನ್ನರೇ ಹೋಗಿ ಸುದ್ದಿ ತಿಳಿಸಿದರು.

ಕ್ಯಾರಿಯವರು ದುಃಖಿಸಿದರು, ಆದರೆ ಕುಸಿಯಲಿಲ್ಲ. ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭವೆಂದೂ, ಎರಡನೆಯ ಅನುವಾದ ಮೊದಲಿನದಕ್ಕಿಂತ ಉತ್ತಮವಾಗಬಹುದೆಂದೂ ಅವರು ನಂಬಿದರು. ಬೂದಿಯಲ್ಲಿ ಸಿಕ್ಕಿದ ಅಚ್ಚುಗಳಿಂದಲೂ ಕರಗಿದ ಲೋಹದಿಂದಲೂ ಹೊಸ ಮೊಳೆಗಳನ್ನು ಎರಕ ಹೊಯ್ದರು. ಸುದ್ದಿ ತಲಪಿದ ಎರಡು ತಿಂಗಳೊಳಗೆ ಇಂಗ್ಲೆಂಡಿನ ಜನರು ನಷ್ಟ ತುಂಬುವಷ್ಟು ಹಣ ಕೂಡಿಸಿದರು. ಅದುವರೆಗೆ ಶ್ರೀರಾಂಪುರದ ಹೆಸರು ಕೇಳದವರಿಗೂ ಬೆಂಕಿಯಿಂದಾಗಿ ಅದರ ಪರಿಚಯವಾಯಿತು. 1814ರಲ್ಲಿ ತೆಲುಗು ವ್ಯಾಕರಣವೂ 1817ರಲ್ಲಿ ಕ್ಯಾರಿಯವರು ಬರೆದ ಕನ್ನಡ ವ್ಯಾಕರಣವೂ ಅದೇ ಅಚ್ಚುಕೂಟದಿಂದ ಹೊರಬಂದವು. ಕನ್ನಡ ಹೊಸ ಒಡಂಬಡಿಕೆಯೂ ಮುಂದೆ ಅಲ್ಲೇ ಅಚ್ಚಾಯಿತು. ಆದರೆ ಕಳೆದುಹೋದದ್ದೆಲ್ಲವೂ ಮರಳಲಿಲ್ಲ. ಆ ದೊಡ್ಡ ನಿಘಂಟು ಬೆಳಕು ಕಾಣಲೇ ಇಲ್ಲ. ದೇವರಲ್ಲಿ ಭರವಸೆಯಿಡುವುದೆಂದರೆ ಕಳೆದದ್ದೆಲ್ಲಕ್ಕೂ ಲೆಕ್ಕ ಕೇಳುವುದಲ್ಲವೆಂಬುದನ್ನು ಅವರು ಬಲ್ಲರು.

1818ರಲ್ಲಿ ಶ್ರೀರಾಂಪುರ ಕಾಲೇಜನ್ನು ಸಂಗಡಿಗರೊಡನೆ ಸ್ಥಾಪಿಸಿದ ಕ್ಯಾರಿಯವರು 1834ರ ಜೂನ್ 9ರಂದು ಅದೇ ಊರಿನಲ್ಲಿ ನಿಧನರಾದರು. ಇಂಗ್ಲೆಂಡಿಗೆ ಅವರು ಒಮ್ಮೆಯೂ ಹಿಂತಿರುಗಿರಲಿಲ್ಲ. ಅಸಾಮಾನ್ಯ ಪ್ರತಿಭೆ ತನಗಿದೆಯೆಂದು ಅವರು ಎಣಿಸಿದವರಲ್ಲ. ಹಿಡಿದ ಕೆಲಸವನ್ನು ಎಡೆಬಿಡದೆ ಎಳೆದುಕೊಂಡು ಹೋಗಬಲ್ಲೆನೆಂಬುದಷ್ಟೇ ತನ್ನ ಗುಣವೆಂದು ತಿಳಿದಿದ್ದರು.

ಬಿತ್ತಿದ್ದು ಯಾವಾಗ ಮೊಳೆಯಬೇಕೆಂಬುದು ದೇವರಿಗೆ ಸೇರಿದ್ದು. ಗದ್ದೆಯನ್ನು ಹದಮಾಡಿಡುವುದು ನಮಗೆ ಸೇರಿದ್ದು. ಮನೆಯ ಕಷ್ಟವಿರಲಿ, ಮಕ್ಕಳ ಭವಿಷ್ಯವಿರಲಿ, ಮಲೆಯಾಳದ ನಡುವೆ ನಮ್ಮ ಕನ್ನಡವನ್ನು ಉಳಿಸಿಕೊಳ್ಳುವ ಕೆಲಸವೇ ಇರಲಿ, ಇಂದಿನ ಪಾಲನ್ನು ಇಂದು ಮಾಡಿ ಉಳಿದುದನ್ನು ಅವನ ಕೈಗೆ ಒಪ್ಪಿಸೋಣ.