ಪ್ರೆಸ್ಸಿನ ಪಕ್ಕದ ಮನೆ: ವಿಲಿಯಂ ಕೇರಿಯವರ ಜೀವನದಿಂದ ಒಂದು ಪಾಠ

  

ಇವತ್ತು ಒಬ್ಬ ದೇವಸೇವಕರ ಜೀವನವನ್ನ ನಿಮ್ಮ ಮುಂದೆ ಇಡಬೇಕು ಅಂತ ಕರ್ತನು ನನ್ನ ಹೃದಯದಲ್ಲಿ ಭಾರ ಕೊಟ್ಟಿದ್ದಾನೆ. ಹೆಸರು ನಿಮಗೆ ಗೊತ್ತಿರೋದೇ, ವಿಲಿಯಂ ಕೇರಿ. ಸಂಡೇ ಸ್ಕೂಲಿನಲ್ಲೇ ಕೇಳಿದ್ದೀರಿ. ಶೂ ಹೊಲಿಯುತ್ತಿದ್ದ ಮನುಷ್ಯ ಇಂಗ್ಲೆಂಡಿನಿಂದ ಬಂದು, ಬಂಗಾಳದಲ್ಲಿ ಪ್ರೆಸ್ ಹಾಕಿ, ನಮ್ಮ ದೇಶದ ಎಷ್ಟೋ ಭಾಷೆಗಳಲ್ಲಿ ದೇವರ ವಾಕ್ಯ ಅಚ್ಚು ಮಾಡಿಸಿದರು. ಸ್ತೋತ್ರ! ಆದ್ರೆ ಈ ಕಥೆ ಹೇಳುವಾಗ ನಾವು ಒಂದು ಕೋಣೆಯ ಬಾಗಿಲನ್ನ ಮಾತ್ರ ತೆರೆಯೋದೇ ಇಲ್ಲ. ಇವತ್ತು ತೆರೆಯೋಣ.

ಯಾಕೆ ಅಂದ್ರೆ, ನಿಮ್ಮಲ್ಲಿ ಎಷ್ಟೋ ಜನ ಹಗಲು ಆಫೀಸು, ರಾತ್ರಿ ಸಭೆಯ ಕೆಲಸ ಅಂತ ಓಡಾಡ್ತಿದ್ದೀರಿ. ಕರಪತ್ರ ಡಿಸೈನ್, ಪುಸ್ತಕದ ಪ್ರೂಫ್, ಅನುವಾದ, ವಿಡಿಯೋ ಎಡಿಟಿಂಗ್. ಎಲ್ಲಾ ದೇವರ ಕೆಲಸವೇ. ಮನೆಗೆ ಫೋನ್ ಮಾಡೋಕೂ ಟೈಮ್ ಇಲ್ಲ. ಯಾರಾದ್ರೂ ಕೇಳಿದ್ರೆ ಉತ್ತರ ರೆಡಿ ಇದೆ: ಸೇವೆ ಇದೆ. ಈ ಉತ್ತರವನ್ನ ಇವತ್ತು ಸ್ವಲ್ಪ ಕರ್ತನ ಬೆಳಕಿಗೆ ಹಿಡಿಯೋಣ.

ಕೇರಿಯವರು ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ಪಾಲರ್ಸ್‌ಪರಿ ಅನ್ನೋ ಹಳ್ಳಿಯಲ್ಲಿ. ತಂದೆ ನೇಕಾರರು, ಆಮೇಲೆ ಹಳ್ಳಿ ಶಾಲೆಯ ಮೇಷ್ಟ್ರಾದರು. ಹುಡುಗ ಶೂ ಹೊಲಿಯೋ ಕೆಲಸ ಕಲಿತ. 1781ರಲ್ಲಿ, ಇನ್ನೂ 20 ತುಂಬುವ ಮೊದಲೇ, ಡೊರೊಥಿ ಪ್ಲ್ಯಾಕೆಟ್ ಅನ್ನೋ ಸಹೋದರಿಯ ಜೊತೆ ಮದುವೆ ಆಯ್ತು. ಡೊರೊಥಿ ಅವರಿಗಿಂತ ಐದು ವರ್ಷ ದೊಡ್ಡವರು. ಓದು ಬರಹ ಬರ್ತಿರಲಿಲ್ಲ. ಮದುವೆಯ ರಿಜಿಸ್ಟರಿನಲ್ಲಿ ಸಹಿ ಹಾಕುವ ಜಾಗದಲ್ಲಿ ಒಂದು ಗುರುತು ಹಾಕಿದರು ಅಷ್ಟೇ. ಗಂಡ ಶೂ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. ಮನೆಯಲ್ಲಿ ಬಡತನ. ಮೊದಲ ಮಗು ಆ್ಯನ್ ಎರಡು ವರ್ಷ ತುಂಬೋ ಹೊತ್ತಿಗೆ ಜ್ವರದಿಂದ ತೀರಿಹೋಯಿತು. ಮುಂದೆ ಇನ್ನೊಂದು ಹೆಣ್ಣುಮಗುವನ್ನೂ ಮಣ್ಣಿಗೆ ಕೊಟ್ಟರು.

1792ರಲ್ಲಿ ಕೆಟರಿಂಗ್ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಸೊಸೈಟಿ ಶುರುವಾಯಿತು. ಮರುವರ್ಷವೇ ಕೇರಿಯವರು ಭಾರತಕ್ಕೆ ಹೊರಡೋಕೆ ತಯಾರಾದರು. ಡೊರೊಥಿ ಬರಲ್ಲ ಅಂದರು. ತಮ್ಮ ಊರು ಬಿಟ್ಟು ದೂರ ಹೋದವರಲ್ಲ, ಜೊತೆಗೆ ತುಂಬು ಗರ್ಭಿಣಿ. ಕೇರಿಯವರು ಹಿರಿಯ ಮಗ ಫೆಲಿಕ್ಸನನ್ನ ಮಾತ್ರ ಕರ್ಕೊಂಡು ಹಡಗು ಹತ್ತಿದರು. ಪರವಾನಗಿ ಇಲ್ಲ ಅಂತ ಅವರನ್ನ ಹಡಗಿನಿಂದ ಇಳಿಸಿಬಿಟ್ಟರು. ಅಷ್ಟರಲ್ಲಿ ಮನೆಯಲ್ಲಿ ಮಗು ಹುಟ್ಟಿತ್ತು, ಹೆಸರು ಜಾಬೆಜ್. ವಾಪಸ್ ಬಂದಾಗ ಮತ್ತೆ ಕೇಳಿದರು. ಡೊರೊಥಿ ಮತ್ತೆ ಇಲ್ಲ ಅಂದರು. ಆಮೇಲೆ ಜೊತೆಗಿದ್ದ ಡಾಕ್ಟರ್ ಜಾನ್ ಥಾಮಸ್ ಒತ್ತಾಯ ಮಾಡಿದ ಮೇಲೆ, ತಂಗಿ ಕಿಟ್ಟಿ ಜೊತೆಗೆ ಬಂದರೆ ಬರ್ತೀನಿ ಅಂತ ಒಪ್ಪಿದರು. ಬಾಣಂತಿ, ಕೈಯಲ್ಲಿ ಕೆಲವೇ ವಾರದ ಕೂಸು. 1793ರ ಜೂನ್‌ನಲ್ಲಿ ಡೆನ್ಮಾರ್ಕಿನ ಹಡಗಿನಲ್ಲಿ ಹೊರಟು, ನವೆಂಬರಿನಲ್ಲಿ ಕಲ್ಕತ್ತಾ ತಲುಪಿದರು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಕರೆ ಬಂದಿದ್ದು ಒಬ್ಬರಿಗೆ, ಬೆಲೆ ಕೊಟ್ಟಿದ್ದು ಇಬ್ಬರು. ಒಬ್ಬರ ಹೆಸರು ಪುಸ್ತಕಗಳಲ್ಲಿದೆ.

ಬಂಗಾಳದಲ್ಲಿ ಮೊದಲ ತಿಂಗಳುಗಳು ತುಂಬಾ ಕಷ್ಟ. ತಂದ ಹಣ ಬೇಗ ಖಾಲಿ. ಸುಂದರಬನದ ಜೌಗು ನೆಲದ ಕಡೆಗೆ ಹೋದರು. ಡೊರೊಥಿಗೂ ಮಕ್ಕಳಿಗೂ ರಕ್ತಭೇದಿ. ಕಿಟ್ಟಿ ಅಲ್ಲೇ ಮದುವೆ ಆಗಿ ಉಳಿದುಬಿಟ್ಟರು. ಯಾರನ್ನ ನಂಬಿ ಬಂದಿದ್ದರೋ ಆ ತಂಗಿಯೂ ಜೊತೆಗಿಲ್ಲ. 1794ರಲ್ಲಿ ಮುದ್ನಾಬಟಿ ಅನ್ನೋ ಕಡೆ ನೀಲಿ ತಯಾರಿಸುವ ಕಾರ್ಖಾನೆಯಲ್ಲಿ ಕೇರಿಯವರಿಗೆ ಮ್ಯಾನೇಜರ್ ಕೆಲಸ ಸಿಕ್ತು. ಸಂಬಳ ಬಂತು, ಮನೆ ಬಂತು. ಆದ್ರೆ ಅದೇ ವರ್ಷ ಐದು ವರ್ಷದ ಮಗ ಪೀಟರ್ ತೀರಿಹೋದ. ಹೂಳೋದಕ್ಕೆ ಜನ ಸಿಗುವುದೂ ಕಷ್ಟ ಆಯ್ತು.

ಅದಾದ ಮೇಲೆ ಡೊರೊಥಿಯವರ ಮನಸ್ಸು ಮುರಿದುಹೋಯಿತು. 1795ರಿಂದ, ಗಂಡನಿಗೆ ಬೇರೆ ಹೆಂಗಸರ ಸಂಬಂಧ ಇದೆ ಅನ್ನೋ ಸುಳ್ಳು ಕಲ್ಪನೆ ಅವರನ್ನ ಹಿಡಿದುಕೊಂಡಿತು. ಎಲ್ಲರ ಮುಂದೆ ಬೈಯುತ್ತಿದ್ದರು. ಗಂಡನ ಪ್ರಾಣಕ್ಕೂ ಅಪಾಯ ಅನ್ನೋ ಹಂತ ತಲುಪಿತು. ಕೊನೆಗೆ ಕೋಣೆಯಲ್ಲಿ ಇಟ್ಟು ಬೀಗ ಹಾಕಬೇಕಾಯಿತು. ಹನ್ನೆರಡು ವರ್ಷ, 1807ರಲ್ಲಿ ಅವರು ತೀರಿಕೊಳ್ಳುವ ತನಕ, ಕಾಯಿಲೆ ಅವರನ್ನ ಬಿಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಆ ತಾಯಿಗೆ ವಿಶ್ವಾಸ ಕಡಿಮೆ ಇತ್ತು, ಅದಕ್ಕೇ ಹೀಗಾಯ್ತು ಅಂತ ಯಾರೂ ಹೇಳಬೇಡಿ. ಮೂರು ಮಕ್ಕಳನ್ನ ಮಣ್ಣಿಗೆ ಕೊಟ್ಟವರು ಅವರು. ಮನಸ್ಸಿಗೂ ಕಾಯಿಲೆ ಬರುತ್ತೆ. ಆ ಕಾಲದಲ್ಲಿ ಅದಕ್ಕೆ ಔಷಧಿ ಇರಲಿಲ್ಲ, ಈಗ ಇದೆ. ನಾವು ಕೈಯಿಟ್ಟು ಪ್ರಾರ್ಥನೆ ಮಾಡ್ತೀವಿ, ಡಾಕ್ಟರ್ ಹತ್ರಾನೂ ಕಳಿಸ್ತೀವಿ. ಎರಡೂ ಕರ್ತನ ಕರುಣೆಯೇ. ಆಮೆನ್?

ಕೇರಿಯವರ ಬಗ್ಗೆಯೂ ನ್ಯಾಯವಾಗಿ ಮಾತಾಡೋಣ. ಹುಚ್ಚಾಸ್ಪತ್ರೆಗೆ ಕಳಿಸಿಬಿಡಿ ಅಂತ ಜನ ಹೇಳಿದರು. ಅವರು ಕಳಿಸಲಿಲ್ಲ. ಕೊನೆಯ ತನಕ ಮನೆಯಲ್ಲೇ ಇಟ್ಟುಕೊಂಡರು. ಅದು ಸಣ್ಣ ವಿಷಯ ಅಲ್ಲ.

1800ರ ಜನವರಿಯಲ್ಲಿ ಕೇರಿಯವರು ಕುಟುಂಬದ ಜೊತೆ ಶ್ರೀರಾಂಪುರಕ್ಕೆ ಬಂದರು. ಹೂಗ್ಲಿ ನದಿ ದಂಡೆಯ ಊರು, ಆಗ ಡೆನ್ಮಾರ್ಕಿನವರ ಆಳ್ವಿಕೆ. ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನ ತಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಆಶ್ರಯ ಸಿಕ್ತು. ಇಂಗ್ಲೆಂಡಿನಿಂದ ಹೊಸಬರೂ ಬಂದಿದ್ದರು: ಪ್ರಿಂಟರ್ ವಿಲಿಯಂ ವಾರ್ಡ್, ಮೇಷ್ಟ್ರು ಜೋಶುವಾ ಮಾರ್ಷ್‌ಮನ್, ಅವರ ಹೆಂಡತಿ ಹನ್ನಾ. ಮರದ ಒಂದು ಪ್ರೆಸ್ ಇತ್ತು. ಪಂಚಾನನ ಕರ್ಮಕಾರ ಅನ್ನೋ ಬಂಗಾಳಿ ಕುಶಲಕರ್ಮಿ ಅಚ್ಚುಮೊಳೆ ಮಾಡಿಕೊಟ್ಟರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂತು. ಹಲ್ಲೆಲೂಯ!

ಆದ್ರೆ ಮನೆ? ನಾಲ್ಕು ಗಂಡುಮಕ್ಕಳು. ತಾಯಿ ಕೋಣೆಯಲ್ಲಿ, ತಂದೆ ಅನುವಾದದಲ್ಲಿ. ಹುಡುಗರು ಹೇಳೋರು ಕೇಳೋರು ಇಲ್ಲದೆ ಬೆಳೀತಿದ್ದರು. ಇದನ್ನ ಮೊದಲು ನೋಡಿದ್ದು ಹನ್ನಾ. ಕೇರಿಯವರು ಒಳ್ಳೆಯವರು, ಮಕ್ಕಳ ಪರಿಸ್ಥಿತಿ ಅವರ ಕಣ್ಣಿಗೂ ಕಾಣ್ತಿದೆ, ಆದ್ರೆ ಗಟ್ಟಿಯಾಗಿ ಏನೂ ಮಾಡ್ತಿಲ್ಲ ಅಂತ ಅವರಿಗೆ ಬೇಸರ ಆಯ್ತು. ಬರೀ ಟೀಕೆ ಮಾಡಿ ಸುಮ್ಮನಾಗಲಿಲ್ಲ. ಹನ್ನಾ ಆ ಮಕ್ಕಳಿಗೆ ತಾಯಿಯ ಜಾಗದಲ್ಲಿ ನಿಂತರು. ವಾರ್ಡ್ ಅವರು ಫೆಲಿಕ್ಸನನ್ನ ಪ್ರೆಸ್ಸಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು ಕೆಲಸ ಕಲಿಸಿದರು, ಕೆಲಸದ ಜೊತೆಗೆ ಕರ್ತನನ್ನೂ ತೋರಿಸಿದರು.

1800ರ ಡಿಸೆಂಬರ್ 28, ಭಾನುವಾರ. ಹೂಗ್ಲಿ ನದಿಯಲ್ಲಿ ಕೇರಿಯವರು ಇಬ್ಬರಿಗೆ ದೀಕ್ಷಾಸ್ನಾನ ಕೊಟ್ಟರು. ಒಬ್ಬರು ಬಡಗಿ ಕೃಷ್ಣ ಪಾಲ್, ಆ ಮಿಷನ್ನಿನ ಮೊದಲ ಬಂಗಾಳಿ ವಿಶ್ವಾಸಿ. ಇನ್ನೊಬ್ಬ ಸ್ವಂತ ಮಗ ಫೆಲಿಕ್ಸ್. ಏಳು ವರ್ಷ ಕಾದು ಕಂಡ ಫಲ ಅದು. ಅದೇ ದಿನ, ಅದೇ ಆವರಣದಲ್ಲಿ, ಡೊರೊಥಿ ಬೀಗ ಹಾಕಿದ ಕೋಣೆಯಲ್ಲಿ ಕೂಗ್ತಿದ್ದರು. ಡಾಕ್ಟರ್ ಥಾಮಸ್ ಕೂಡ ಮನಸ್ಸಿನ ಸ್ವಾಧೀನ ತಪ್ಪಿ ಇನ್ನೊಂದು ಕಡೆ ಬಂಧನದಲ್ಲಿದ್ದರು. ಹಾಡು ಒಂದು ಕಡೆ, ಕೂಗು ಇನ್ನೊಂದು ಕಡೆ. ದೇವರ ಕೆಲಸ ನಡೀತಿರೋ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೀಗೇ ಇದೆ. ನಾವು ಹಾಡನ್ನ ಮಾತ್ರ ಸಾಕ್ಷಿಯಲ್ಲಿ ಹೇಳ್ತೀವಿ.

1801ರಲ್ಲಿ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸೋ ಕೆಲಸ ಬಂತು, ತಿಂಗಳಿಗೆ 500 ರೂಪಾಯಿ. ಆ ಕಾಲಕ್ಕೆ ದೊಡ್ಡ ಮೊತ್ತ. ಆ ಹಣ ಸಾಮಾನ್ಯ ನಿಧಿಗೆ ಹೋಗ್ತಿತ್ತು. ಶ್ರೀರಾಂಪುರದವರೆಲ್ಲ ದುಡಿದದ್ದನ್ನ ಒಟ್ಟಿಗೆ ಹಾಕಿ ಒಂದೇ ಮೇಜಿನಲ್ಲಿ ಊಟ ಮಾಡ್ತಿದ್ದರು. ವಾರದ ಅರ್ಧ ದಿನಗಳು ಕೇರಿಯವರು ಕಲ್ಕತ್ತಾದಲ್ಲೇ ಇರಬೇಕಾಯಿತು. 1806ರ ಜೂನ್ ತಿಂಗಳ ಒಂದು ದಿನದ ಲೆಕ್ಕವನ್ನ ಅವರೇ ಸ್ನೇಹಿತರಿಗೆ ಬರೆದು ಕಳಿಸಿದ್ದಾರೆ. ಬೆಳಿಗ್ಗೆ ಆರಕ್ಕೂ ಮುಂಚೆ ಎದ್ದು ಹೀಬ್ರೂ ಸತ್ಯವೇದ, ಪ್ರಾರ್ಥನೆ. ಕೆಲಸದವರ ಜೊತೆ ಬಂಗಾಳಿಯಲ್ಲಿ ಕುಟುಂಬ ಪ್ರಾರ್ಥನೆ. ಪರ್ಷಿಯನ್ ಪಾಠ. ರಾಮಾಯಣದ ಅನುವಾದ. ಹತ್ತರಿಂದ ಮಧ್ಯಾಹ್ನದ ತನಕ ಕಾಲೇಜು. ಆಮೇಲೆ ಪ್ರೂಫ್. ಊಟ ಆದ ಮೇಲೆ ಮತ್ತಾಯನ ಸುವಾರ್ತೆ ಸಂಸ್ಕೃತಕ್ಕೆ. ಸಂಜೆ ತೆಲುಗು ಪಂಡಿತರು. ರಾತ್ರಿ ಪ್ರಸಂಗ. ಅದು ಮುಗಿದ ಮೇಲೆ ಯೆಹೆಜ್ಕೇಲನ ಪುಸ್ತಕ ಬಂಗಾಳಿಗೆ, ಹನ್ನೊಂದರ ತನಕ. ಮಲಗೋಕೆ ಮುಂಚೆ ಗ್ರೀಕ್ ಹೊಸ ಒಡಂಬಡಿಕೆ.

ಓದಿದ್ರೆ ಮೈ ಜುಮ್ ಅನ್ನುತ್ತೆ. ನಾವು ಅರ್ಧ ಗಂಟೆ ರೀಲ್ಸ್ ನೋಡಿ ಟೈಮ್ ಇಲ್ಲ ಅನ್ನೋರು! ಆದ್ರೆ ಆ ದಿನ ನದಿಯ ಮೇಲ್ಗಡೆ, ಶ್ರೀರಾಂಪುರದಲ್ಲಿ, ಡೊರೊಥಿ ಇನ್ನೂ ಬದುಕಿದ್ದರು. ಆ ದಿನದ ಲೆಕ್ಕದಲ್ಲಿ ಅವರಿಗೆ ಒಂದು ಗಂಟೆಯೂ ಇಲ್ಲ, ಮಕ್ಕಳಿಗೂ ಇಲ್ಲ.

ಡೊರೊಥಿ ತೀರಿಹೋದ ಮರುವರ್ಷ, 1808ರಲ್ಲಿ, ಕೇರಿಯವರು ಷಾರ್ಲೆಟ್ ರೂಮೋರ್ ಅನ್ನೋ ಸಹೋದರಿಯನ್ನ ಮದುವೆಯಾದರು. ಅವರು ಶರೀರದಲ್ಲಿ ತುಂಬಾ ಬಲಹೀನರು, ಆದ್ರೆ ಭಾಷೆಗಳು ಬಲ್ಲವರು. ಇಬ್ಬರೂ ಒಟ್ಟಿಗೆ ಓದುತ್ತಿದ್ದರು, ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. 1821ರಲ್ಲಿ ಷಾರ್ಲೆಟ್ ತೀರಿಕೊಳ್ಳುವ ತನಕ ಆ ಮನೆಯಲ್ಲಿ ಸಂತೋಷ ಇತ್ತು. ದೇವರು ಎರಡನೇ ಅವಕಾಶ ಕೊಡುವ ದೇವರು.

ಈಗ 1812ರ ಮಾರ್ಚ್ 11ಕ್ಕೆ ಬನ್ನಿ. ಸಂಜೆ ಪ್ರೆಸ್ ಕಟ್ಟಡಕ್ಕೆ ಬೆಂಕಿ ಬಿತ್ತು. ಕೇರಿಯವರು ಕಲ್ಕತ್ತಾದಲ್ಲಿದ್ದರು, ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ರಾಶಿ ರಾಶಿ ಕಾಗದ, ಎಷ್ಟೋ ಭಾಷೆಗಳ ಅಚ್ಚುಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು, ಎಲ್ಲಾ ಬೂದಿ. ಸುಟ್ಟುಹೋದವುಗಳಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ಆದ್ರೆ ಪ್ರೆಸ್‌ಗಳು ಉಳಿದವು. ಕರಗಿದ ಸೀಸವನ್ನ ಬೂದಿಯಿಂದ ಹೆಕ್ಕಿ ಮತ್ತೆ ಅಚ್ಚುಮೊಳೆ ಎರಕ ಹೊಯ್ದರು. ಕೆಲವೇ ವಾರಗಳಲ್ಲಿ ಮತ್ತೆ ಕೆಲಸ ಶುರು. ಇಂಗ್ಲೆಂಡಿನ ವಿಶ್ವಾಸಿಗಳು ಹಣ ಕೂಡಿಸಿ ಕಳಿಸಿದರು. 1817ರಲ್ಲಿ ಅದೇ ಪ್ರೆಸ್ಸಿನಿಂದ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು. ಕನ್ನಡ ಹೊಸ ಒಡಂಬಡಿಕೆಯೂ ಹೊಸದಾಗಿ ತಯಾರಾಗಿ ಅಲ್ಲಿ ಅಚ್ಚಾಯಿತು.

ಪ್ರಿಯರೇ, ಇದನ್ನ ಮನಸ್ಸಿನಲ್ಲಿ ಇಟ್ಕೊಳ್ಳಿ. ಸುಟ್ಟ ಹಸ್ತಪ್ರತಿಯನ್ನ ಮತ್ತೆ ಬರೆಯಬಹುದು. ಕರಗಿದ ಸೀಸವನ್ನ ಮತ್ತೆ ಎರಕ ಹೊಯ್ಯಬಹುದು. ಡೊರೊಥಿಯ ಆ ಹನ್ನೆರಡು ವರ್ಷಗಳನ್ನ ಯಾವ ಪ್ರೆಸ್ಸಿನಲ್ಲಿ ಮತ್ತೆ ಅಚ್ಚು ಹಾಕೋದು?

ಫೆಲಿಕ್ಸ್ ಬರ್ಮಾಗೆ ಸೇವೆಗೆ ಹೋದರು. 1814ರಲ್ಲಿ ಒಂದು ಪ್ರೆಸ್ ಸಾಗಿಸುವಾಗ ಐರಾವತಿ ನದಿಯಲ್ಲಿ ಹಡಗು ಮುಳುಗಿ ಅವರ ಹೆಂಡತಿ ಮಕ್ಕಳು ತೀರಿಹೋದರು. ಅವರೂ ಮುರಿದುಹೋದರು. ಸೇವೆ ಬಿಟ್ಟು ಬರ್ಮಾ ರಾಜನ ರಾಯಭಾರಿ ಆದರು, ಆಮೇಲೆ ಅಲೆದಾಡಿದರು. ತಂದೆಗೆ ತುಂಬಾ ನೋವಾಯಿತು. 1818ರಲ್ಲಿ ಅವರನ್ನ ಮತ್ತೆ ಶ್ರೀರಾಂಪುರಕ್ಕೆ ಕರ್ಕೊಂಡು ಬಂದಿದ್ದು ಯಾರು ಗೊತ್ತಾ? ವಾರ್ಡ್. ಪ್ರೆಸ್ಸಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದ ಅದೇ ವಾರ್ಡ್. ಫೆಲಿಕ್ಸ್ ಕೊನೆಯ ವರ್ಷಗಳಲ್ಲಿ ತಂದೆಯ ಜೊತೆ ಅನುವಾದ ಮಾಡುತ್ತಾ, 1822ರಲ್ಲಿ ತೀರಿಕೊಂಡರು. ಕೇರಿಯವರು 1834ರ ಜೂನ್ 9ರಂದು ಶ್ರೀರಾಂಪುರದಲ್ಲೇ ಕರ್ತನಲ್ಲಿ ನಿದ್ರೆಹೋದರು. 40 ವರ್ಷ, ಒಮ್ಮೆಯೂ ಸ್ವದೇಶಕ್ಕೆ ವಾಪಸ್ ಹೋಗಲಿಲ್ಲ.

ಹಾಗಾದ್ರೆ ಕೇರಿಯವರು ಮಾಡಿದ್ದು ತಪ್ಪಾ? ತೀರ್ಪು ಕೊಡೋಕೆ ನಾನು ಯಾರು? ಅವರ ಸೇವೆಯ ಫಲವನ್ನ ನಾವು ಇವತ್ತಿಗೂ ತಿಂತಾ ಇದ್ದೀವಿ. ಆದ್ರೆ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿ, ಸಭೆ ನೋಡಿಕೊಳ್ಳುವವನು ಮೊದಲು ತನ್ನ ಮನೆಯನ್ನ ನೋಡಿಕೊಳ್ಳೋಕೆ ಕಲಿತಿರಬೇಕು ಅಂತ ತಿಳಿಸಿದ್ದಾನೆ. ಮನೆ ಸೇವೆಗೆ ಅಡ್ಡಿ ಅಲ್ಲ, ಮೊದಲ ಸಭೆಯೇ ಮನೆ. ನಿಮ್ಮ ತ್ಯಾಗವನ್ನ ನೀವು ಕೊಡಿ. ಹೆಂಡತಿಯ ಆರೋಗ್ಯ, ಗಂಡನ ನಿದ್ದೆ, ಮಗುವಿನ ಬಾಲ್ಯ, ವಯಸ್ಸಾದ ಅಪ್ಪ ಅಮ್ಮನ ಕಾಯುವಿಕೆ, ಇವನ್ನ ಕೇಳದೆ ತೆಗೆದು ಯಜ್ಞವೇದಿ ಮೇಲೆ ಇಟ್ಟು, ನನ್ನ ತ್ಯಾಗ ಅನ್ನಬೇಡಿ.

ಇನ್ನೊಂದು. ಕೇರಿಯವರಿಗೆ ಒಬ್ಬರಿಗೇ ಆಗದಿದ್ದನ್ನ ಹನ್ನಾ ಮತ್ತು ವಾರ್ಡ್ ಮಾಡಿದರು. ಸಭೆ ಇರೋದೇ ಅದಕ್ಕೆ. ನಿಮ್ಮ ಟೀಮಿನಲ್ಲಿ ರಾತ್ರಿ ಎರಡಕ್ಕೆ ಫೈಲ್ ಕಳಿಸೋ ಬ್ರದರ್ ಇದ್ದರೆ, ಸೂಪರ್ ಅಂತ ಎಮೋಜಿ ಹಾಕಿ ಬಿಡಬೇಡಿ. ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳಿ. ಅವರ ಕೆಲಸದಲ್ಲಿ ಅರ್ಧ ನೀವು ತಗೊಳ್ಳಿ. ಕಷ್ಟದಲ್ಲಿರೋದು ನೀವೇ ಆಗಿದ್ದರೆ, ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ.

ಶ್ರೀರಾಂಪುರದವರಿಗೆ ಒಂದು ಅಭ್ಯಾಸ ಇತ್ತು. ಪ್ರತಿ ಶನಿವಾರ ಸಂಜೆ ಎಲ್ಲರೂ ಕೂತು, ಆ ವಾರದ ಮನಸ್ತಾಪಗಳನ್ನ ಮಾತಾಡಿ ಸರಿಮಾಡಿಕೊಂಡು, ಒಬ್ಬರನ್ನೊಬ್ಬರು ಪ್ರೀತಿಸೋದಾಗಿ ಮತ್ತೆ ಮಾತು ಕೊಡ್ತಿದ್ದರು. ಭಾನುವಾರದ ಆರಾಧನೆಗೆ ಮುಂಚೆ. ಈ ಶನಿವಾರ ನೀವೂ ಮಾಡಿ. ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಪಕ್ಕಕ್ಕೆ ಇಡಿ. ಮನೆಯವರನ್ನ ಕೇಳಿ: ಈ ವಾರ ನನ್ನಿಂದ ನಿಮಗೆ ಎಲ್ಲಿ ನೋವಾಯ್ತು? ಉತ್ತರ ಬಂದಾಗ ವಾದ ಮಾಡಬೇಡಿ. ಕ್ಷಮೆ ಕೇಳಿ, ಒಟ್ಟಿಗೆ ಪ್ರಾರ್ಥಿಸಿ. ಊರು ದೂರ ಇದ್ದರೆ ಅಮ್ಮನಿಗೆ ಫೋನ್ ಮಾಡಿ, ಇಡೋಕೆ ಆತುರ ಪಡಬೇಡಿ.

ಕಣ್ಣು ಮುಚ್ಚೋಣ. ಕರ್ತನೇ, ನಿನ್ನ ವಾಕ್ಯವನ್ನು ನಮ್ಮ ಭಾಷೆಗೆ ತಂದವರಿಗಾಗಿ ಸ್ತೋತ್ರ. ಅದರ ಬೆಲೆಯನ್ನು ಮೌನವಾಗಿ ಕೊಟ್ಟ ಡೊರೊಥಿಯಂಥವರಿಗಾಗಿಯೂ ಸ್ತೋತ್ರ. ನಮ್ಮ ಮನೆಯಲ್ಲಿ ಮುಚ್ಚಿರುವ ಬಾಗಿಲು ಯಾವುದು ಅಂತ ಪವಿತ್ರಾತ್ಮನೇ ತೋರಿಸು. ಅದನ್ನು ತಟ್ಟುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.