ಪ್ರಶಾಂತ ಚಂದ್ರ ಮಹಲನೋಬಿಸ್: ಬೆಳೆಯ ಲೆಕ್ಕಕ್ಕೆ ಶಾಸ್ತ್ರದ ಅಡಿಪಾಯ ಹಾಕಿದ ವಿಜ್ಞಾನಿ

ಬೆಳೆ ಕಟಾವಿಗೆ ಬಂದ ದಿನಗಳಲ್ಲಿ ಕಂದಾಯ ಅಥವಾ ಕೃಷಿ ಇಲಾಖೆಯ ಸಿಬ್ಬಂದಿ ಊರಿನ ಯಾವುದೋ ಒಂದು ಜಮೀನಿಗೆ ಬಂದು, ಸಾಮಾನ್ಯವಾಗಿ 5 ಮೀಟರ್ ಉದ್ದ ಹಾಗೂ 5 ಮೀಟರ್ ಅಗಲದ ತಾಕನ್ನು ಹಗ್ಗ ಕಟ್ಟಿ ಗುರುತಿಸಿ, ಅದರೊಳಗಿನ ಫಸಲನ್ನು ಕೊಯ್ದು, ಒಕ್ಕಣೆ ಮಾಡಿ ತೂಗುವುದನ್ನು ರೈತ ಬಾಂಧವರು ಕಂಡಿರುತ್ತೀರಿ. ಇದೇ ಬೆಳೆ ಕಟಾವು ಪ್ರಯೋಗ. ಇಂತಹ ಕೆಲವೇ ತಾಕುಗಳ ತೂಕದಿಂದ ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು ನಿರ್ಧರಿಸಲಾಗುತ್ತದೆ. ಅದು ನಿಗದಿತ ಮಿತಿಗಿಂತ ಕಡಿಮೆಯಾದರೆ ಮಾತ್ರ ಆ ಘಟಕದ ವಿಮಾದಾರ ರೈತರಿಗೆ ಇಳುವರಿ ಆಧಾರಿತ ಬೆಳೆ ವಿಮೆಯ ಪರಿಹಾರ ದೊರೆಯುತ್ತದೆ.

ನಾಲ್ಕಾರು ತಾಕುಗಳಿಂದ ಊರಿಡೀ ಬೆಳೆಯನ್ನು ಹೇಗೆ ತಿಳಿಯಲಾದೀತು ಎಂಬ ಪ್ರಶ್ನೆ ರೈತರ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಭಾರತದ ಮಣ್ಣಿನಲ್ಲಿಯೇ ಉತ್ತರ ಹುಡುಕಿದವರಲ್ಲಿ ಪ್ರಮುಖರು ಪ್ರೊ. ಪ್ರಶಾಂತ ಚಂದ್ರ ಮಹಲನೋಬಿಸ್. ಅವರ ಜನ್ಮದಿನವಾದ ಜೂನ್ 29ನ್ನು ದೇಶವು 2007ರಿಂದ ಸಾಂಖ್ಯಿಕ ದಿನವನ್ನಾಗಿ ಆಚರಿಸುತ್ತಿದೆ.

ಭೌತಶಾಸ್ತ್ರದಿಂದ ಸಂಖ್ಯಾಶಾಸ್ತ್ರಕ್ಕೆ

ಮಹಲನೋಬಿಸ್ ಅವರು 1893ರಲ್ಲಿ ಕಲ್ಕತ್ತೆಯ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1913ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನಲ್ಲಿ ಓದಬೇಕೆಂದಿದ್ದವರು ಕೇಂಬ್ರಿಡ್ಜ್ ನೋಡಲು ಹೋಗಿ, ಹಿಂದಿರುಗುವ ಕೊನೆಯ ರೈಲು ತಪ್ಪಿ, ಗೆಳೆಯರ ಮನೆಯಲ್ಲಿ ಉಳಿದರು. ಮರುದಿನವೇ ಅಲ್ಲಿನ ಕಿಂಗ್ಸ್ ಕಾಲೇಜಿಗೆ ಸೇರುವಂತಾಯಿತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹ ಬೆಳೆದದ್ದೂ ಅಲ್ಲಿಯೇ.

ವ್ಯಾಸಂಗ ಮುಗಿಸಿ ಭಾರತಕ್ಕೆ ಹೊರಡುವ ಹೊತ್ತಿನಲ್ಲಿ ಅವರ ಮಾರ್ಗದರ್ಶಕರು ಬಯೋಮೆಟ್ರಿಕಾ ಎಂಬ ಸಂಶೋಧನಾ ಪತ್ರಿಕೆಯತ್ತ ಅವರ ಗಮನ ಸೆಳೆದರು. ಜೀವಿಗಳ ಅಳತೆಗಳನ್ನು ಗಣಿತದ ಮೂಲಕ ಅಭ್ಯಸಿಸುವ ಪತ್ರಿಕೆ ಅದು. ಅದರ ಸಂಪುಟಗಳನ್ನೆಲ್ಲ ಕೊಂಡು, ಹಡಗಿನ ಪ್ರಯಾಣದಲ್ಲಿಯೇ ಓದತೊಡಗಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ದಶಕಗಳ ಕಾಲ ಪಾಠ ಹೇಳಿದರೂ, ಅವರ ಮನಸ್ಸು ನೆಟ್ಟದ್ದು ಸಂಖ್ಯಾಶಾಸ್ತ್ರದಲ್ಲಿ.

ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ವಿಶ್ಲೇಷಿಸುವ ಕೆಲಸದಿಂದ ಆರಂಭವಾದ ಅವರ ಚಿಂತನೆ, ಎರಡು ಗುಂಪುಗಳ ನಡುವಿನ ಅಂತರವನ್ನು ಹಲವು ಗುಣಗಳ ಆಧಾರದಲ್ಲಿ ಒಟ್ಟಾಗಿ ಅಳೆಯುವ ಸೂತ್ರವಾಗಿ ಬೆಳೆಯಿತು. 1936ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಆ ಸೂತ್ರವೇ ಡಿ-ಸ್ಕ್ವೇರ್. ಭತ್ತ, ರಾಗಿ, ತೊಗರಿ ಯಾವುದೇ ಇರಲಿ, ತಳಿಗಳ ನಡುವಿನ ಅನುವಂಶೀಯ ವೈವಿಧ್ಯವನ್ನು ಅಳೆದು, ಸಂಕರಣಕ್ಕೆ ತಕ್ಕ ಪೋಷಕ ತಳಿಗಳನ್ನು ಆರಿಸಲು ನಮ್ಮ ತಳಿ ಅಭಿವೃದ್ಧಿ ವಿಜ್ಞಾನಿಗಳು ಇಂದಿಗೂ ಬಳಸುವ ವಿಧಾನ ಇದು. ಇದನ್ನು ಉಪಯೋಗಿಸುವ ಎಷ್ಟೋ ವಿದ್ಯಾರ್ಥಿಗಳಿಗೆ ಅದು ಮನುಷ್ಯರ ತಲೆಯ ಅಳತೆಯಿಂದ ಹುಟ್ಟಿದ್ದೆಂಬುದು ತಿಳಿದಿರುವುದಿಲ್ಲ.

ಹವಾಮಾನ ಇಲಾಖೆಯಲ್ಲಿಯೂ ಕೆಲವು ವರ್ಷ ಸೇವೆ ಸಲ್ಲಿಸಿದ ಅವರು, ಪ್ರವಾಹಗಳ ಅಧ್ಯಯನ ನಡೆಸಿದರು. 1926ರಲ್ಲಿ ಒರಿಸ್ಸಾದಲ್ಲಿ ಭಾರಿ ನೆರೆ ಬಂದಾಗ, ನದಿಯ ಪಾತ್ರ ಮೇಲೇರಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆಗಳನ್ನು ಪರಿಶೀಲಿಸಿದ ಮಹಲನೋಬಿಸ್, ಪಾತ್ರ ಗಮನಾರ್ಹವಾಗಿ ಏರಿಲ್ಲವೆಂದೂ, ಮೇಲ್ಭಾಗದಲ್ಲಿ ಜಲಾಶಯ ಕಟ್ಟುವುದೇ ಪರಿಹಾರವೆಂದೂ ತೋರಿಸಿದರು.

ಕೃಷಿ ಪ್ರಯೋಗಗಳತ್ತ

ಒಂದೇ ಜಮೀನಿನ ಎರಡು ಮೂಲೆಗಳಲ್ಲಿ ಒಂದೇ ತಳಿಯನ್ನು ಬಿತ್ತಿದರೂ ಇಳುವರಿ ಒಂದೇ ಆಗಿರುವುದಿಲ್ಲ. ಹೀಗಿರುವಾಗ ಒಂದು ತಳಿ ಇನ್ನೊಂದಕ್ಕಿಂತ ನಿಜವಾಗಿಯೂ ಉತ್ತಮವೇ, ಅಥವಾ ಅದು ಮಣ್ಣಿನ ವ್ಯತ್ಯಾಸದ ಫಲವೇ ಎಂಬುದನ್ನು ಹೇಗೆ ಹೇಳುವುದು? 1920ರ ದಶಕದ ನಡುಭಾಗದಲ್ಲಿ ಮಹಲನೋಬಿಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಇದೇ ಪ್ರಶ್ನೆಯನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅವರು ಬಿಡಿಸುತ್ತಿದ್ದರು. ತಾಕುಗಳಿಗೆ ಉಪಚಾರಗಳನ್ನು ಚೀಟಿ ಎತ್ತಿದಂತೆ ಹಂಚುವುದು, ಪ್ರತಿ ಉಪಚಾರವನ್ನೂ ಹಲವು ಬಾರಿ ಪುನರಾವರ್ತಿಸುವುದು ಫಿಶರ್ ಅವರ ಮಾರ್ಗ. ಇಬ್ಬರ ನಡುವೆ ಬೆಳೆದ ಸ್ನೇಹ ಜೀವನಪರ್ಯಂತ ಉಳಿಯಿತು. ನಮ್ಮ ಸಂಶೋಧನಾ ಕೇಂದ್ರಗಳಲ್ಲಿ ಹಾಗೂ ರೈತರ ಹೊಲಗಳಲ್ಲಿ ಇಂದು ನಡೆಯುವ ತಳಿ ಮತ್ತು ಗೊಬ್ಬರ ಪ್ರಯೋಗಗಳ ವಿನ್ಯಾಸಕ್ಕೆ ಆಧಾರ ಇದೇ ತತ್ತ್ವ.

ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೋಣೆಯೊಂದರಲ್ಲಿ ನಡೆಯುತ್ತಿದ್ದ ಸಂಖ್ಯಾಶಾಸ್ತ್ರ ಪ್ರಯೋಗಾಲಯವೇ 1931ರ ಡಿಸೆಂಬರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ನೆಲೆಯಾಯಿತು. 1933ರಲ್ಲಿ ಸಾಂಖ್ಯ ಎಂಬ ಸಂಶೋಧನಾ ಪತ್ರಿಕೆ ಹೊರಬಂದಿತು. ಗಣಿತಜ್ಞರಾದ ಆರ್. ಸಿ. ಬೋಸ್ ಮತ್ತು ಎಸ್. ಎನ್. ರಾಯ್ ಅವರನ್ನು ಮಹಲನೋಬಿಸ್ ತಮ್ಮ ಬಳಿಗೆ ಕರೆಸಿಕೊಂಡರು. ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1941ರಲ್ಲಿ ಕಲ್ಕತ್ತೆಯ ಈ ಸಂಸ್ಥೆಯನ್ನು ಸೇರಿದರು. ಡಿ-ಸ್ಕ್ವೇರ್ ವಿಧಾನವನ್ನು ಬಳಸುವ ಕೆಲಸಕ್ಕಾಗಿ ರಾವ್ ಅವರನ್ನು ಕೇಂಬ್ರಿಡ್ಜಿಗೆ ಕಳುಹಿಸಿದವರೂ ಮಹಲನೋಬಿಸ್ ಅವರೇ. ರಾವ್ ಮುಂದೆ ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.

ಬಂಗಾಳದ ಸೆಣಬಿನ ಸಮೀಕ್ಷೆ

ಮಹಲನೋಬಿಸ್ ಅವರ ಜೀವನದಲ್ಲಿ ರೈತರು ವಿಶೇಷವಾಗಿ ಅರಿಯಬೇಕಾದ ಅಧ್ಯಾಯ ಇದು. ಮೈಸೂರು ಸೀಮೆಯಲ್ಲಿ ಶಾನುಭೋಗರು ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಪಹಣಿಯಲ್ಲಿ ಬರೆಯುತ್ತಿದ್ದರು. ಜಮೀನ್ದಾರಿ ಪದ್ಧತಿಯ ಬಂಗಾಳದಲ್ಲಿ ಅಂತಹ ಗ್ರಾಮಮಟ್ಟದ ವ್ಯವಸ್ಥೆ ಇರಲಿಲ್ಲ. ಎಷ್ಟು ಎಕರೆಯಲ್ಲಿ ಯಾವ ಬೆಳೆ ಇದೆ ಎಂಬುದೇ ಊಹೆಯ ಮಾತಾಗಿತ್ತು. ಇಳುವರಿಯ ಅಂದಾಜಂತೂ ದೇಶದೆಲ್ಲೆಡೆ ಕಣ್ಣಳತೆಯದು. ಪೂರ್ಣ ಬೆಳೆಗೆ ಇಷ್ಟು ಆಣೆ ಎಂದಿಟ್ಟು, ಈ ವರ್ಷ ಎಷ್ಟು ಆಣೆಯ ಬೆಳೆ ಎಂದು ಅಧಿಕಾರಿ ಹೇಳಿದ್ದೇ ಲೆಕ್ಕ. ಆಣೆವಾರಿ ಎಂಬ ಶಬ್ದ ನಮ್ಮ ಹಿರಿಯ ರೈತರ ಬಾಯಲ್ಲಿ ಇನ್ನೂ ಉಳಿದಿದೆ.

ಸೆಣಬು ಬಂಗಾಳದ ಪ್ರಮುಖ ವಾಣಿಜ್ಯ ಬೆಳೆ. ಅದರ ಉತ್ಪಾದನೆಯ ಮುನ್ನಂದಾಜು ತಪ್ಪಿದರೆ ಬೆಲೆ ಏರುಪೇರಾಗಿ ಪೆಟ್ಟು ಬೀಳುತ್ತಿದ್ದುದು ಬೆಳೆಗಾರನಿಗೆ. 1937ರಲ್ಲಿ ಭಾರತೀಯ ಕೇಂದ್ರ ಸೆಣಬು ಸಮಿತಿಯ ಆಶ್ರಯದಲ್ಲಿ ಮಹಲನೋಬಿಸ್ ಮಾದರಿ ಸಮೀಕ್ಷೆಯನ್ನು ಆರಂಭಿಸಿದರು. ಗ್ರಾಮನಕ್ಷೆಯ ಮೇಲೆ ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಾನಿಷ್ಟಕ್ಕೂ ಅವಕಾಶವಿಲ್ಲದಂತೆ, ಚಿಕ್ಕ ಚೌಕಗಳನ್ನು ಆರಿಸಿ, ಆ ಸ್ಥಳಗಳಿಗೇ ಹೋಗಿ ಬೆಳೆಯನ್ನು ದಾಖಲಿಸುವುದು ಅವರ ಕ್ರಮ. ಮೊದಲ ವರ್ಷ ಸಣ್ಣ ಪ್ರದೇಶದಲ್ಲಿ ಪ್ರಯೋಗ ನಡೆಸಿ, ಚೌಕ ಎಷ್ಟು ದೊಡ್ಡದಿರಬೇಕು, ಎಷ್ಟು ಚೌಕಗಳು ಬೇಕು, ಓಡಾಟಕ್ಕೆ ತಗಲುವ ಸಮಯ ಮತ್ತು ವೆಚ್ಚ ಎಷ್ಟು ಎಂಬುದನ್ನೆಲ್ಲ ಲೆಕ್ಕಹಾಕಿ, ವರ್ಷದಿಂದ ವರ್ಷಕ್ಕೆ ವಿಸ್ತರಿಸುತ್ತ 1941ರ ವೇಳೆಗೆ ಇಡೀ ಪ್ರಾಂತ್ಯವನ್ನು ವ್ಯಾಪಿಸಿದರು.

ಅದೇ ವೇಳೆ ಸರ್ಕಾರವು ಪ್ರತಿಯೊಂದು ಜಮೀನನ್ನೂ ಎಣಿಸುವ ಪೂರ್ಣ ಗಣತಿಯನ್ನು ಬಹು ಹೆಚ್ಚಿನ ವೆಚ್ಚದಲ್ಲಿ ನಡೆಸಿತು. ವ್ಯಾಪಾರದ ಅಂಕಿಅಂಶಗಳೊಡನೆ ಹೋಲಿಸಿದಾಗ ಸತ್ಯಕ್ಕೆ ಸಮೀಪವಾಗಿದ್ದುದು ಮಾದರಿ ಸಮೀಕ್ಷೆಯ ಅಂದಾಜೇ ಹೊರತು ಪೂರ್ಣ ಗಣತಿಯಲ್ಲ. ಕಾರಣ ಸರಳ: ತರಬೇತಿ ಇಲ್ಲದ ಸಾವಿರಾರು ಜನರು ಅವಸರದಲ್ಲಿ ಎಣಿಸಿದಾಗ ನುಸುಳುವ ತಪ್ಪು, ಕೆಲವೇ ಸ್ಥಳಗಳನ್ನು ಎಚ್ಚರಿಕೆಯಿಂದ ನೋಡಿದಾಗ ಉಳಿಯುವ ತಪ್ಪಿಗಿಂತ ದೊಡ್ಡದು.

ಎಣಿಸುವ ಮನುಷ್ಯನ ತಪ್ಪನ್ನು ಹಿಡಿಯಲು ಅವರು ಒಂದು ಉಪಾಯವನ್ನೂ ರೂಪಿಸಿದರು. ಒಂದೇ ಪ್ರದೇಶದಿಂದ ಎರಡು ಪ್ರತ್ಯೇಕ ಮಾದರಿಗಳನ್ನು ಆರಿಸಿ, ಎರಡು ತಂಡಗಳಿಗೆ ಬೇರೆ ಬೇರೆಯಾಗಿ ಒಪ್ಪಿಸುವುದು. ಎರಡೂ ಉತ್ತರಗಳು ಹತ್ತಿರವಿದ್ದರೆ ನಂಬಬಹುದು. ದೂರವಾದರೆ ಎಲ್ಲಿಯೋ ಎಡವಟ್ಟಾಗಿದೆ ಎಂದರ್ಥ. ಅವರ ಎಲ್ಲ ಸಂಶೋಧನೆಗಳಲ್ಲಿ ನನಗೆ ಅತ್ಯಂತ ಮೌಲಿಕವೆನಿಸುವುದು ಇದೇ. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. 1943ರ ಬಂಗಾಳದ ಕ್ಷಾಮದ ನಂತರ ಹಳ್ಳಿಗಳ ಕುಟುಂಬಗಳಿಗೆ ಒದಗಿದ ದುಸ್ಥಿತಿಯನ್ನೂ ಅವರ ಸಂಸ್ಥೆ ಮಾದರಿ ಸಮೀಕ್ಷೆಯ ಮೂಲಕವೇ ದಾಖಲಿಸಿತು.

ತಾಕಿನ ಗಾತ್ರದ ವಿವಾದ

ಇಳುವರಿಯ ವಿಷಯದಲ್ಲಿ ಮಹಲನೋಬಿಸ್ ಮೊದಲಿಗರಲ್ಲ. 1920ರ ದಶಕದಲ್ಲಿಯೇ ಜೆ. ಎ. ಹಬ್ಬಾಕ್ ಎಂಬ ಬ್ರಿಟಿಷ್ ಅಧಿಕಾರಿ ಬಿಹಾರ ಮತ್ತು ಒರಿಸ್ಸಾದಲ್ಲಿ ಯಾದೃಚ್ಛಿಕ ಸ್ಥಳಗಳಲ್ಲಿ ಭತ್ತ ಕೊಯ್ದು ತೂಗುವ ಪ್ರಯೋಗ ನಡೆಸಿದ್ದರು. ಮಹಲನೋಬಿಸ್ ಆ ಮಾರ್ಗವನ್ನು ವಿಸ್ತರಿಸಿ, ಕೆಲವೇ ಅಡಿ ತ್ರಿಜ್ಯದ ಪುಟ್ಟ ವೃತ್ತಾಕಾರದ ತಾಕುಗಳನ್ನು ಬಳಸಿದರು. ಚಿಕ್ಕ ತಾಕಾದರೆ ಬೇಗ ಮುಗಿಯುತ್ತದೆ, ಅದೇ ಖರ್ಚಿನಲ್ಲಿ ಹೆಚ್ಚು ಹೊಲಗಳನ್ನು ನೋಡಬಹುದು ಎಂಬುದು ಅವರ ವಾದ.

ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದ ಪಿ. ವಿ. ಸುಖಾತ್ಮೆ ಮತ್ತು ವಿ. ಜಿ. ಪಾನ್ಸೆ ಇದನ್ನು ಒಪ್ಪಲಿಲ್ಲ. ಚಿಕ್ಕ ತಾಕು ಇಳುವರಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂದು ಸುಖಾತ್ಮೆ 1946ರಲ್ಲಿ ಪ್ರಕಟಿಸಿದರು. ಗೆರೆಯ ಮೇಲಿರುವ ಗಿಡವನ್ನು ಒಳಗೆ ಸೇರಿಸಿಕೊಳ್ಳುವುದು ಕೊಯ್ಯುವವರ ಸಹಜ ಪ್ರವೃತ್ತಿ. ಒಂದು ಮೀಟರ್ ಚೌಕದಲ್ಲಿ ಪ್ರತಿ ಚದರ ಮೀಟರಿಗೆ 4 ಮೀಟರ್ ಗಡಿ ಇರುತ್ತದೆ. 5 ಮೀಟರ್ ಚೌಕದಲ್ಲಿ ಕೇವಲ 0.8 ಮೀಟರ್. ಗಡಿ ಕಡಿಮೆಯಾದಷ್ಟೂ ಈ ತಪ್ಪು ಕಡಿಮೆ. ಹೊಸ ಸಿಬ್ಬಂದಿಯನ್ನು ನೇಮಿಸುವ ಬದಲು ಕಂದಾಯ ಮತ್ತು ಕೃಷಿ ಇಲಾಖೆಯವರಿಂದಲೇ ಈ ಕಾರ್ಯ ಮಾಡಿಸಬೇಕೆಂಬುದೂ ಅವರ ನಿಲುವು. ವಿವಾದ ವರ್ಷಗಟ್ಟಲೆ ನಡೆಯಿತು, ಸಾಕಷ್ಟು ಕಟುವಾಗಿಯೇ ನಡೆಯಿತು. ಈ ವಿಷಯದಲ್ಲಿ ನ್ಯಾಯ ಸುಖಾತ್ಮೆಯವರ ಪಕ್ಷದಲ್ಲಿತ್ತು ಎಂಬುದೇ ನನ್ನ ಅಭಿಪ್ರಾಯ. ದೇಶದಲ್ಲಿ ನೆಲೆಗೊಂಡದ್ದೂ ದೊಡ್ಡ ಚೌಕದ ಪದ್ಧತಿಯೇ.

ಇಂದಿನ ವಿಧಾನದಲ್ಲಿ ಸರ್ವೆ ನಂಬರ್ ಯಾದೃಚ್ಛಿಕವಾಗಿ ಆಯ್ಕೆಯಾಗುತ್ತದೆ. ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು ಎಂದು ಯಾದೃಚ್ಛಿಕ ಸಂಖ್ಯೆಯಂತೆ ಹೆಜ್ಜೆ ಹಾಕಿದಾಗ ಸಿಗುವ ಬಿಂದುವಿನಿಂದ ತಾಕು ಆರಂಭವಾಗುತ್ತದೆ. ಆ ಬಿಂದುವಿನಲ್ಲಿ ಬೆಳೆ ಸೊರಗಿದ್ದರೂ, ಹುಲುಸಾಗಿದ್ದರೂ ಅಲ್ಲಿಯೇ ಕೊಯ್ಯಬೇಕು. 25 ಚದರ ಮೀಟರ್ ಎಂದರೆ ಹೆಕ್ಟೇರಿನ 400ನೇ ಒಂದು ಭಾಗ. ತಾಕಿನ ತೂಕದಲ್ಲಿ ಅರ್ಧ ಕಿಲೋ ಹೆಚ್ಚಾದರೆ ಹೆಕ್ಟೇರಿಗೆ 2 ಕ್ವಿಂಟಾಲ್ ಹೆಚ್ಚಾಗಿ ಕಾಣುತ್ತದೆ. ಒಣ ಬೇಸಾಯದ ಬೆಳೆಯಲ್ಲಿ ಪರಿಹಾರ ಸಿಗುವುದಕ್ಕೂ ಸಿಗದಿರುವುದಕ್ಕೂ ಅಷ್ಟೇ ಅಂತರ ಸಾಕು. ಆದಕಾರಣ ವಿಸ್ತರಣಾ ಕಾರ್ಯಕರ್ತರು ಹಗ್ಗ ಬಿಗಿಯಾಗಿದೆಯೇ, ಮೂಲೆಗಳು ಸಮಕೋನವಾಗಿವೆಯೇ, ಗೆರೆಯ ಮೇಲಿನ ಗಿಡದ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದೆಯೇ ಎಂಬುದನ್ನು ಗಮನಿಸತಕ್ಕದ್ದು.

ದೇಶ ಮತ್ತು ಜಗತ್ತು

1947ರಲ್ಲಿ ವಿಶ್ವಸಂಸ್ಥೆಯು ಮಾದರಿ ಸಮೀಕ್ಷೆಗಳ ಬಗ್ಗೆ ಉಪ ಆಯೋಗವನ್ನು ರಚಿಸಿದಾಗ ಮಹಲನೋಬಿಸ್ ಅದರ ಅಧ್ಯಕ್ಷತೆ ವಹಿಸಿದರು. ಅಮೆರಿಕದ ಡೆಮಿಂಗ್, ಇಂಗ್ಲೆಂಡಿನ ಯೇಟ್ಸ್ ಮುಂತಾದವರು ಅಲ್ಲಿ ಅವರ ಸಹೋದ್ಯೋಗಿಗಳು. 1950ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರಕ್ಕೆ ಏಷ್ಯಾ ಮತ್ತು ಆಫ್ರಿಕಾದ ಹೊಸದಾಗಿ ಸ್ವತಂತ್ರಗೊಂಡ ದೇಶಗಳಿಂದ ತರಬೇತಿಗಾಗಿ ಅಧಿಕಾರಿಗಳು ಬರತೊಡಗಿದರು. ಫಿಶರ್ ಹಲವು ಬಾರಿ ಬಂದರು, ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಸಂಸ್ಥೆಯನ್ನೇ ಸೇರಿದರು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ನೇತೃತ್ವದಲ್ಲಿ ಸಂಸ್ಥೆಯ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

1950ರಿಂದ ನಡೆದುಬಂದಿರುವ ರಾಷ್ಟ್ರೀಯ ಮಾದರಿ ಸಮೀಕ್ಷೆ ಮಹಲನೋಬಿಸ್ ಅವರ ಕೊಡುಗೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಚೌಕಟ್ಟೂ ಅವರದೇ. ಭಾರಿ ಕೈಗಾರಿಕೆಗಳಿಗೆ ಆದ್ಯತೆ ನೀಡಿದ ಆ ಯೋಜನೆಯಲ್ಲಿ ಕೃಷಿಯ ಪಾಲು ಕುಗ್ಗಿತು. 1960ರ ದಶಕದ ಆಹಾರದ ಕೊರತೆಗೆ ಇದೂ ಒಂದು ಕಾರಣವೆಂಬ ಟೀಕೆ ಇದೆ. ಕೃಷಿ ವಿಜ್ಞಾನಿಯಾಗಿ ಈ ಟೀಕೆಯನ್ನು ತಳ್ಳಿಹಾಕಲಾರೆ. ಹೊಲವನ್ನು ಅಳೆಯುವ ವಿಧಾನವನ್ನು ಕಲಿಸಿದವರ ಯೋಜನೆಯಲ್ಲಿಯೇ ಹೊಲಕ್ಕೆ ಎರಡನೆಯ ಸ್ಥಾನ ದೊರೆತದ್ದು ವಿಪರ್ಯಾಸವೇ ಸರಿ.

ಮಹಲನೋಬಿಸ್ ಅವರಿಗೆ 1968ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1972ರ ಜೂನ್ 28ರಂದು, 79ನೆಯ ಜನ್ಮದಿನಕ್ಕೆ ಒಂದು ದಿನ ಮುಂಚೆ, ಅವರು ನಿಧನರಾದರು. 1973–74ರಲ್ಲಿ ಕೇಂದ್ರ ಸರ್ಕಾರವು ಬೆಳೆ ಅಂಕಿಅಂಶಗಳ ಸುಧಾರಣಾ ಯೋಜನೆಯನ್ನು ಜಾರಿಗೆ ತಂದಿತು. ಅದರಂತೆ ಆಯ್ದ ಗ್ರಾಮಗಳಲ್ಲಿ ಪಹಣಿಯ ಬೆಳೆ ದಾಖಲೆಯನ್ನು ಹಾಗೂ ಬೆಳೆ ಕಟಾವು ಪ್ರಯೋಗವನ್ನು ಕೇಂದ್ರದ ಮತ್ತು ರಾಜ್ಯದ ಮೇಲ್ವಿಚಾರಕರು ತಮ್ಮ ತಮ್ಮಲ್ಲಿ ಹಂಚಿಕೊಂಡು ಸ್ಥಳದಲ್ಲಿಯೇ ಪರಿಶೀಲಿಸಿ, ಮೂಲ ಸಿಬ್ಬಂದಿಯ ಲೆಕ್ಕಕ್ಕೂ ತಾವು ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಇಂದಿಗೂ ದಾಖಲಿಸುತ್ತಾರೆ.