ನಂದಿಗೆ ಹೋಗುವ ದಾರಿಯಲ್ಲೊಬ್ಬ ಸುಲ್ತಾನ

ಭಾನುವಾರ ನಸುಕಿನ ನಾಲ್ಕು ಗಂಟೆಗೆ ದೇವನಹಳ್ಳಿಯ ಹೆದ್ದಾರಿ ಬದಿಯಲ್ಲಿ ನಿಂತು ನೋಡಿ. ಬೆಂಗಳೂರಿನ ಅರ್ಧದಷ್ಟು ಹುಡುಗ ಹುಡುಗಿಯರು ನಿಮ್ಮ ಕಣ್ಣ ಮುಂದೆಯೇ ಹಾದುಹೋಗುತ್ತಾರೆ. ಬೈಕು, ಕಾರು, ಹಿಂದಿನ ಸೀಟಿನಲ್ಲಿ ತೂಕಡಿಸುವ ಗೆಳೆಯ. ಎಲ್ಲರಿಗೂ ಒಂದೇ ಅವಸರ, ನಂದಿ ಬೆಟ್ಟದ ಸೂರ್ಯೋದಯ. ಹತ್ತಿರದಲ್ಲೇ ಊರೊಳಗೆ ಒಂದು ಕಲ್ಲಿನ ಕೋಟೆಯಿದೆ, ಅದರ ಸಮೀಪ ಟಿಪ್ಪು ಸುಲ್ತಾನ್ ಹುಟ್ಟಿದ ಜಾಗವಿದೆ ಎಂಬುದು ಇವರಲ್ಲಿ ಬಹಳಷ್ಟು ಜನರಿಗೆ ಗೊತ್ತು. ಆದರೆ ಬ್ರೇಕ್ ಹಾಕುವವರು ಕಡಿಮೆ.

ನಾವು ಆರು ಜನ ಈಗ ಎರಡು ದಿನದ ಟ್ರಿಪ್ ಹಾಕಿಕೊಂಡಿದ್ದೇವೆ. ಮೂವರು ಪದವಿಯ ಕೊನೆಯ ವರ್ಷದಲ್ಲಿದ್ದೇವೆ, ಇಬ್ಬರು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾರೆ, ಒಬ್ಬ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾನೆ. ತಲೆಗೆ ಐನೂರು ರೂಪಾಯಿ ಮೀರಬಾರದು ಎಂಬುದು ಅವರೆಲ್ಲರ ಷರತ್ತು. ಶನಿವಾರ ಪೂರ್ತಿ ದೇವನಹಳ್ಳಿಗೆ, ಭಾನುವಾರ ನಂದಿಗೆ ಎಂಬುದು ನನ್ನ ಷರತ್ತು. ಒಂದು ಕಲ್ಲು ನೋಡಲು ಇಡೀ ದಿನ ಯಾಕೆ ಎಂದು ಗುಂಪಿನಲ್ಲಿ ತಕರಾರು ಎದ್ದಿತು. ಅದಕ್ಕೆ ಉತ್ತರವಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಜಾಗ ನಿಜಕ್ಕೂ ಚಿಕ್ಕದು. ನಾಲ್ಕು ಕಂಬ, ಮೇಲೊಂದು ಚಪ್ಪಡಿ, ಒಳಗೊಂದು ಫಲಕ. ಐದು ನಿಮಿಷದಲ್ಲಿ ಸೆಲ್ಫಿ ಮುಗಿಸಿ ಹೊರಡಬಹುದು. ಆದರೆ ಒಬ್ಬ ಸಾಮಾನ್ಯ ಸೈನಿಕನ ಹೆಂಡತಿ ಇಲ್ಲಿ ಮಗುವನ್ನು ಹೆತ್ತದ್ದಾದರೂ ಹೇಗೆ? 1501ರಲ್ಲಿ ಆವತಿಯ ಮಲ್ಲಭೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಆವತಿ ಇಲ್ಲೇ ಪಕ್ಕದ ಊರು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನವೂ ತನ್ನ ಮೂಲವನ್ನು ಆ ಊರಿಗೇ ಜೋಡಿಸುತ್ತದೆ. 1749ರಲ್ಲಿ ಮೈಸೂರಿನ ನಂಜರಾಜಯ್ಯ ಈ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡ. ಆ ಮುತ್ತಿಗೆಯಲ್ಲಿ ದೊಡ್ಡವರ ಕಣ್ಣಿಗೆ ಬಿದ್ದ ಯೋಧ ಹೈದರ್ ಅಲಿ. ಓದು ಬರಹ ಬಾರದವನು, ಸಿಫಾರಸಿಗೆಂದರೆ ಸೇನೆಯಲ್ಲಿದ್ದ ಅಣ್ಣನೊಬ್ಬನೇ. ಈ ಗೆಲುವಿನ ನಂತರ ಅವನಿಗೆ ಒಂದು ಸಣ್ಣ ತುಕಡಿಯ ನಾಯಕತ್ವ ಸಿಕ್ಕಿತು. ಅವನ ಪಾಲಿನ ಮೊದಲ ನಿಜವಾದ ಬಡ್ತಿ ಅದು. ಮರುವರ್ಷ, 1750ರ ನವೆಂಬರ್‌ನಲ್ಲಿ, ಹೆಂಡತಿ ಫಾತಿಮಾ ಫಕ್ರುನ್ನೀಸಾ ಇದೇ ಊರಿನಲ್ಲಿ ಗಂಡು ಮಗುವಿಗೆ ಜನ್ಮ ಕೊಟ್ಟಳು. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಅಂದರೆ ಆ ಮಗು ಅರಮನೆಯಲ್ಲಿ ಹುಟ್ಟಿದ ರಾಜಕುಮಾರನಲ್ಲ. ಆಗಷ್ಟೇ ಕೆಲಸ ಗಟ್ಟಿಯಾದ ಒಬ್ಬ ನೌಕರನ ಮಗ. ಕೆಲಸ ಹುಡುಕುತ್ತಿರುವ ನಮ್ಮ ಗುಂಪಿಗೆ ಈ ಮಾತು ಬೇಗ ನಾಟಿತು.

ಹತ್ತು ಹನ್ನೊಂದು ವರ್ಷಗಳಲ್ಲಿ ಅಪ್ಪ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡ. ಮಗನಿಗೆ ಪರ್ಷಿಯನ್, ಉರ್ದು, ಕನ್ನಡ ಕಲಿಸಿದರು. ಅಪ್ಪನ ಬಳಿ ಕೆಲಸಕ್ಕಿದ್ದ ಫ್ರೆಂಚ್ ಅಧಿಕಾರಿಗಳು ಯುದ್ಧದ ಪಾಠ ಹೇಳಿದರು. ಹದಿನೇಳರ ಹೊತ್ತಿಗೆ, ಮೊದಲ ಆಂಗ್ಲೋ ಮೈಸೂರು ಯುದ್ಧದಲ್ಲಿ, ಅವನು ಕುದುರೆ ಪಡೆಯೊಂದಿಗೆ ಮದ್ರಾಸಿನ ಹೊರವಲಯದವರೆಗೆ ಹೋಗಿ ಬಂದಿದ್ದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಅಪ್ಪ ಮಗ ಸೇರಿ ನುಚ್ಚುನೂರು ಮಾಡಿದರು. ಆ ದಿನ ಮೈಸೂರಿನವರು ಬಿಟ್ಟ ರಾಕೆಟ್ಟುಗಳು ಕಬ್ಬಿಣದ ಕೊಳವೆಯವು. ಯುರೋಪಿನಲ್ಲಿ ಅಂಥವು ಇರಲಿಲ್ಲ. ಮುಂದೆ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ತಯಾರಿಸಿದ್ದು ಮೈಸೂರಿನಿಂದ ಒಯ್ದವನ್ನು ನೋಡಿಕೊಂಡೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರದಷ್ಟು ರಾಕೆಟ್ಟುಗಳು ಸಿಕ್ಕಿದ್ದು ನೆನಪಿರಬಹುದು.

1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಬಳಿ ಬೀಡಿನಲ್ಲಿ ತೀರಿಕೊಂಡ. ಮಲಬಾರಿನ ಕಡೆ ಯುದ್ಧದಲ್ಲಿದ್ದ ಟಿಪ್ಪು ಬಂದು ಅಧಿಕಾರ ವಹಿಸಿಕೊಂಡ. 1784ರ ಮಂಗಳೂರು ಒಪ್ಪಂದದೊಂದಿಗೆ ಆ ಯುದ್ಧ ಮುಗಿಯಿತು. ಇದೆಲ್ಲ ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ.

ನೋಟ್ಸಿನಲ್ಲಿ ಸಾಮಾನ್ಯವಾಗಿ ಇರದ ಒಂದು ಪ್ರವಾಸದ ಕತೆ ಹೇಳುತ್ತೇನೆ. ಇಂಗ್ಲಿಷರ ವಿರುದ್ಧ ಸಹಾಯ ಕೇಳಲು ಟಿಪ್ಪು ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. 1787ರ ಜುಲೈನಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿದವರು ದಕ್ಷಿಣ ಫ್ರಾನ್ಸಿನ ತುಲೋನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ. ಆರು ಜನ ಒಂದು ಶನಿವಾರಕ್ಕೆ ಒಪ್ಪಲು ನಮಗೆ ಎರಡು ತಿಂಗಳು ಹಿಡಿಯಿತು ಎಂದು ಯಾರೂ ಇನ್ನು ಗೊಣಗಬಾರದು. ಅಲ್ಲಿಂದ ಉತ್ತರಕ್ಕೆ ಪ್ಯಾರಿಸ್, ಆಮೇಲೆ ವರ್ಸಾಯ್ ಅರಮನೆ. ಆಗಸ್ಟ್‌ನಲ್ಲಿ ದೊರೆ ಹದಿನಾರನೆಯ ಲೂಯಿ ಅವರನ್ನು ಭಾರೀ ವೈಭವದಿಂದ ಬರಮಾಡಿಕೊಂಡ. ಪ್ಯಾರಿಸಿನ ಜನ ಇವರ ನಿಲುವಂಗಿ, ಪೇಟ ನೋಡಲು ಮುಗಿಬಿದ್ದರು. ವಿಜೇ ಲೆ ಬ್ರೂನ್ ಎಂಬ ಪ್ರಸಿದ್ಧ ಕಲಾವಿದೆ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 70 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು.

ಟಿಪ್ಪು ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ. ಗಡಿಯಾರ ಮಾಡುವವರು, ಗಾಜಿನ ಕೆಲಸದವರು, ಬಂದೂಕು ತಯಾರಿಸುವವರು, ತೋಟಗಾರರು, ಗಿಡ, ಬೀಜ ಎಲ್ಲವೂ ಅವನಿಗೆ ಬೇಕಿತ್ತು. ಸೈನ್ಯ ಸಿಗಲಿಲ್ಲ. ಲೂಯಿಯ ಖಜಾನೆಯೇ ಬರಿದಾಗಿತ್ತು, ಮರುವರ್ಷ ಅಲ್ಲಿ ಕ್ರಾಂತಿಯೇ ಆಯಿತು. ರಾಯಭಾರಿಗಳು ಒಂದಷ್ಟು ಕುಶಲಕರ್ಮಿಗಳನ್ನೂ ಸೆವ್ರ್ ಪಿಂಗಾಣಿಯನ್ನೂ ಕಟ್ಟಿಕೊಂಡು ವಾಪಸಾದರು.

ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗು. ಮಗ್ಗದ ಸದ್ದಿಲ್ಲದೆ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಹಾಗಾಗಿ ಯುದ್ಧಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಟಿಪ್ಪುವಿನ ರೇಷ್ಮೆಯ ಹುಚ್ಚು. ಬಂಗಾಳದಿಂದ ರೇಷ್ಮೆ ಹುಳುವನ್ನೂ ಅದನ್ನು ಸಾಕಲು ಬಲ್ಲವರನ್ನೂ ತರಿಸಿ, ರಾಜ್ಯದ ಹಲವು ಕಡೆ ಸಾಕಣೆ ಶುರು ಮಾಡಿಸಿದ. ಹಿಪ್ಪುನೇರಳೆ ನೆಡಿಸಿದ. ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದು ಹುಳುವಿನ ಯೋಗಕ್ಷೇಮ ವಿಚಾರಿಸಿದ. ಇವತ್ತು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆ ಇದೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಶಿಡ್ಲಘಟ್ಟ. ಇಲ್ಲಿನ ರೈತರು ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ನಮ್ಮೂರಲ್ಲಿ ಸೀರೆ ನೇಯುವುದು, ಎಲ್ಲದರ ಹಿಂದೆ ಎಲ್ಲೋ ಆ ಪತ್ರಗಳಿವೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ನಮ್ಮ ಗುಂಪಿನಲ್ಲಿ ಕೊಡಗಿನ ಗೆಳತಿಯೊಬ್ಬಳಿದ್ದಾಳೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಪ್ಲಾನ್ ಕೇಳಿದ ಮೇಲೆ ಅವಳು ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ, ತಮ್ಮ ಮನೆಯಲ್ಲಿ ಆ ಹೆಸರನ್ನು ನಾಯಿಗೆ ಇಟ್ಟು ಕರೆಯುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದುದನ್ನು ತಿಳಿಸಿದಳು. ತಾನು ನಂದಿಗೆ ಬರುತ್ತೇನೆ, ಆ ಕಲ್ಲಿನ ಮುಂದೆ ನಿಲ್ಲುವುದಿಲ್ಲ ಎಂದಳು.

ಅವಳ ಮಾತನ್ನು ಬಿಟ್ಟು ಈ ಜೀವನಕತೆ ಹೇಳಿದರೆ ಅದು ಅರ್ಧ ಕತೆ. ಕೊಡಗಿನವರು ಮೈಸೂರಿನ ಆಳ್ವಿಕೆಯನ್ನು ಒಪ್ಪಲಿಲ್ಲ, ಮತ್ತೆ ಮತ್ತೆ ತಿರುಗಿಬಿದ್ದರು. 1780ರ ದಶಕದ ನಡುವೆ ಟಿಪ್ಪು ಅಲ್ಲಿಗೆ ದಂಡೆತ್ತಿ ಹೋಗಿ ಹೆಂಗಸರು ಮಕ್ಕಳೆನ್ನದೆ ಬಹಳ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಎಷ್ಟು ಜನ ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಸೆರೆ, ಬಲವಂತದ ಮತಾಂತರ, ದಾರಿಯಲ್ಲಿನ ಸಾವು ಇವು ನಡೆದದ್ದಂತೂ ನಿಜ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಕೊಡಗಿನ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಹೋಗಿ ಇಂಗ್ಲಿಷರ ಪಕ್ಷ ಸೇರಿದ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನೂ ಹೀಗೇ ಸೆರೆಹಿಡಿದು ಘಟ್ಟ ಹತ್ತಿಸಿದರು. ಬದುಕುಳಿದವರು ಊರಿಗೆ ಮರಳಿದ್ದು ಟಿಪ್ಪು ಸತ್ತ ಮೇಲೆ. ಅದೇ ಟಿಪ್ಪು, 1791ರಲ್ಲಿ ಮರಾಠಾ ಸೇನೆಯ ದಂಡೊಂದು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ಪುನಃಪ್ರತಿಷ್ಠೆಗೆ ಹಣ ಕೊಡಿಸಿದ, ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದ. 1916ರಲ್ಲಿ ಆರ್. ನರಸಿಂಹಾಚಾರ್ಯರು ಆ ಪತ್ರಗಳನ್ನು ಬೆಳಕಿಗೆ ತಂದರು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವ ಆಟ ವಾಟ್ಸ್‌ಆ್ಯಪ್‌ನಲ್ಲಿ ನಡೆಯುತ್ತಲೇ ಇದೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಸರ್ಕಾರವೇ ನಿಲ್ಲಿಸಿತು. ಎರಡೂ ಸಲ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಕೂಗಾಡಿದವರಲ್ಲಿ ದೇವನಹಳ್ಳಿ ಕೋಟೆ ನೋಡಿದವರು ಎಷ್ಟಿದ್ದರೋ.

ಗೆಳತಿಗೆ ನಾನು ಒತ್ತಾಯ ಮಾಡಲಿಲ್ಲ. ಕಡೆಗೆ ಆದ ತೀರ್ಮಾನ ಇಷ್ಟು: ಕೋಟೆಗೆ ಅವಳೂ ಬರುತ್ತಾಳೆ, ನಾವು ಕಲ್ಲಿನ ಕಡೆ ಹೋದಾಗ ಅವಳು ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ದೇವಸ್ಥಾನದಲ್ಲಿ ಕುಳಿತಿರುತ್ತಾಳೆ. ದೇವಸ್ಥಾನದ ಕೆತ್ತನೆ ನೋಡಲು ಹೇಗೂ ಹೆಚ್ಚು ಹೊತ್ತು ಬೇಕು.

ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪು ಕಾಲದ್ದು. ಒಳಗೆ ಇವತ್ತಿಗೂ ಮನೆಗಳಿವೆ, ಬೀದಿಯಿದೆ, ಬಟ್ಟೆ ಒಣಹಾಕಿದ ಹಗ್ಗಗಳಿವೆ. ಮೆಟ್ಟಿಲು ಹತ್ತಿ ಬುರುಜಿನ ಮೇಲೆ ನಿಂತರೆ ಗೋಡೆಯ ಸುತ್ತು ಪೂರ್ತಿ ಕಾಣುತ್ತದೆ. ಟಿಪ್ಪು ಈ ಊರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ, ಜನ ಮಾತ್ರ ದೇವನಹಳ್ಳಿ ಎಂದೇ ಕರೆದರು. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮೊದಲು ಬೆಂಗಳೂರು ಕೋಟೆ ಹಿಡಿದ, ಆಮೇಲೆ ದೇವನಹಳ್ಳಿಯೂ ಅವನ ಕೈಸೇರಿತು. ಅಕ್ಟೋಬರ್‌ನಲ್ಲಿ ನಂದಿದುರ್ಗವೂ ಬಿತ್ತು. ಯಾರೂ ಹತ್ತಲಾರರು ಎಂದು ನಂಬಿದ್ದ ಬೆಟ್ಟ ಅದು. ಭಾನುವಾರ ಬೆಳಿಗ್ಗೆ ಮಂಜಿನಲ್ಲಿ ಫೋಟೊ ತೆಗೆಯುವಾಗ ಪಕ್ಕದ ಕೋಟೆ ಗೋಡೆಯನ್ನೂ ಒಮ್ಮೆ ನೋಡಿ, ಸುಮಾರು ಮೂರು ವಾರ ಅದರ ಮೇಲೆ ಮುತ್ತಿಗೆಯಿತ್ತು.

1792ರ ಫೆಬ್ರುವರಿಯಲ್ಲಿ ಶತ್ರುಗಳು ಶ್ರೀರಂಗಪಟ್ಟಣವನ್ನೇ ಸುತ್ತುವರಿದರು. ಟಿಪ್ಪು ಸಂಧಿಗೆ ಒಪ್ಪಲೇಬೇಕಾಯಿತು. ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಅಬ್ದುಲ್ ಖಾಲಿಕ್‌ಗೆ ಹತ್ತರ ಆಸುಪಾಸು, ಮುಯಿಜುದ್ದೀನ್‌ಗೆ ಎಂಟರ ಆಸುಪಾಸು. ಆನೆಯ ಮೇಲೆ ಬಂದಿಳಿದ ಮಕ್ಕಳನ್ನು ಕಾರ್ನ್‌ವಾಲಿಸ್ ಕೈಹಿಡಿದು ಬರಮಾಡಿಕೊಂಡ ದೃಶ್ಯವನ್ನು ಇಂಗ್ಲಿಷ್ ಕಲಾವಿದರು ಎಷ್ಟೋ ಸಲ ಬಿಡಿಸಿದ್ದಾರೆ. ಗೆದ್ದವರಿಗೆ ಅದು ಹೆಮ್ಮೆಯ ಚಿತ್ರ. ಮಕ್ಕಳನ್ನು ಮದ್ರಾಸಿಗೆ ಕರೆದೊಯ್ದರು.

ಎರಡು ವರ್ಷ ಹಣ ಹೊಂದಿಸುವುದರಲ್ಲೇ ಹೋಯಿತು. 1794ರ ಮಾರ್ಚ್ ಕೊನೆಯಲ್ಲಿ ಕ್ಯಾಪ್ಟನ್ ಡವ್ಟನ್ ಆ ಇಬ್ಬರು ಹುಡುಗರನ್ನು ಕರೆತಂದು ತಂದೆಗೆ ಒಪ್ಪಿಸಿದ. ಒಪ್ಪಿಸಿದ್ದು ಶ್ರೀರಂಗಪಟ್ಟಣದಲ್ಲಲ್ಲ, ದೇವನಹಳ್ಳಿಯಲ್ಲಿ. ಶನಿವಾರದ ದಿನ ಪೂರ್ತಿ ಇಲ್ಲಿಗೇ ಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಆ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಗಂಡುಮಕ್ಕಳು ಒಂದು ಗೇಣು ಎತ್ತರ ಆಗಿರುತ್ತಾರೆ, ದನಿ ಒಡೆಯಲು ಶುರುವಾಗಿರುತ್ತದೆ. ತಾನು ಹುಟ್ಟಿದ ಊರಿನಲ್ಲೇ, ನಲವತ್ತಮೂರರ ಆ ಅಪ್ಪ ಅವರನ್ನು ನೋಡಿದ. ಕೊಡಗಿನಿಂದಲೂ ಕರಾವಳಿಯಿಂದಲೂ ಒಯ್ದ ಎಷ್ಟೋ ಮಕ್ಕಳು ಆಗಿನ್ನೂ ಅವನ ರಾಜಧಾನಿಯಲ್ಲೇ ಇದ್ದರು. ಇದನ್ನು ಗೆಳತಿಗೆ ಹೇಳಿದಾಗ ಅವಳು ತುಂಬ ಹೊತ್ತು ಸುಮ್ಮನಿದ್ದಳು.

ಅದೇ 1794ರಲ್ಲಿ ಟಿಪ್ಪು ಕಾವೇರಿಗೆ ಅಣೆಕಟ್ಟು ಕಟ್ಟುವ ಯೋಚನೆ ಮಾಡಿದ. ಆ ಬಗ್ಗೆ ಬರೆಸಿದ ಪರ್ಷಿಯನ್ ಶಾಸನ ಮುಂದೆ ಕನ್ನಂಬಾಡಿಯಲ್ಲಿ ಸಿಕ್ಕಿತು, ಈಗಲೂ ಕೆಆರ್‌ಎಸ್‌ನಲ್ಲಿ ನೋಡಬಹುದು. ಅಣೆಕಟ್ಟಿಗೆ ಅವನಿಗೆ ಸಮಯ ಸಿಗಲಿಲ್ಲ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದರು. ರಾತ್ರಿ ದೀಪ ಹಿಡಿದು ಹುಡುಕಿದಾಗ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಅವನಿಗೆ ಆಗ ನಲವತ್ತೆಂಟು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕ ಮಣ್ಣು ಮಾಡಿದರು.

ಮೈಸೂರಿನ ಗದ್ದಿಗೆ ಒಡೆಯರ ಮನೆತನಕ್ಕೆ ಮರಳಿತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ, ಇವರು ದಕ್ಷಿಣದಲ್ಲಿ ಇರುವುದೇ ಅಪಾಯವೆಂದು ಇಂಗ್ಲಿಷರು ಕುಟುಂಬವನ್ನು ಇನ್ನೂ ದೂರಕ್ಕೆ ಕಳಿಸಿದರು, ಕಲ್ಕತ್ತೆಗೆ. ಅವರ ವಂಶದವರು ಈಗಲೂ ಅಲ್ಲೇ ಇದ್ದಾರೆ.